ಹುಲಿಯ ಪಟ್ಟೆ ಅಗಲವಾದದ್ದು ಹೇಗೆ?

ಹುಲಿಯ ಚಿತ್ರ ಬರೆಯಿರಿ ಎಂದರೆ ನೀವು ಏನು ಮಾಡುತ್ತೀರಿ? ಮೊದಲು ಮೈಗೆಲ್ಲ ಕಿತ್ತಳೆ ಬಣ್ಣ ಬಳಿಯುತ್ತೀರಿ. ಆಮೇಲೆ ಅದರ ಮೇಲೆ ತೆಳ್ಳನೆಯ ಕಪ್ಪು ಪಟ್ಟೆಗಳನ್ನು ಎಳೆಯುತ್ತೀರಿ. ನಮ್ಮ ಬಂಡೀಪುರ, ನಾಗರಹೊಳೆಯ ಹುಲಿಗಳಿಗೆ ಈ ಚಿತ್ರ ಸರಿಹೊಂದುತ್ತದೆ. ಆದರೆ ಒಡಿಶಾ ರಾಜ್ಯದ ಸಿಮಿಲಿಪಾಲ ಕಾಡಿನ ಕೆಲವು ಹುಲಿಗಳ ಚಿತ್ರ ಬರೆಯಬೇಕಾದರೆ ಕಿತ್ತಳೆಗಿಂತ ಕಪ್ಪು ಬಣ್ಣವೇ ಹೆಚ್ಚು ಖರ್ಚಾದೀತು!

ಸಿಮಿಲಿಪಾಲ ಇರುವುದು ಮಯೂರ್‌ಭಂಜ್ ಜಿಲ್ಲೆಯಲ್ಲಿ. ಅಲ್ಲಿ ಹೇರಳವಾಗಿರುವ ಬೂರುಗದ ಮರಗಳಿಂದಲೇ ಕಾಡಿಗೆ ಆ ಹೆಸರು ಬಂದಿದೆ. ಹುಲಿ ಸಂರಕ್ಷಿತ ಪ್ರದೇಶದ ವಿಸ್ತೀರ್ಣ 2,750 ಚದರ ಕಿಲೋಮೀಟರು. 2007ರಲ್ಲಿ ಅಲ್ಲಿನ ಕ್ಯಾಮೆರಾದಲ್ಲಿ ಒಂದು ವಿಚಿತ್ರ ಹುಲಿ ಸೆರೆಯಾಯಿತು. ಅದರ ಬೆನ್ನು, ಪಕ್ಕೆ, ಕಾಲುಗಳೆಲ್ಲ ಕಪ್ಪು. ನಡುನಡುವೆ ಮಾತ್ರ ಕಿತ್ತಳೆ ಬಣ್ಣ ಇಣುಕುತ್ತಿತ್ತು. ಜನ ಅದನ್ನು ‘ಕಪ್ಪು ಹುಲಿ’ ಎಂದೇ ಕರೆದರು.

ನಿಜ ಹೇಳಬೇಕೆಂದರೆ ಇದು ಪೂರ್ತಿ ಕಪ್ಪು ಅಲ್ಲ. ಕಬಿನಿ ಕಾಡಿನ ಕರಿ ಚಿರತೆಯ ಚಿತ್ರವನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. ಆ ಚಿರತೆಯ ಇಡೀ ತುಪ್ಪಳವೇ ಕಪ್ಪು. ಸಿಮಿಲಿಪಾಲದ ಹುಲಿಯಲ್ಲಿ ಹಾಗಲ್ಲ. ಅಲ್ಲಿ ಪಟ್ಟೆಗಳು ಅಗಲವಾಗಿ ಹರಡಿ ಒಂದಕ್ಕೊಂದು ಅಂಟಿಕೊಂಡಿವೆ. ಬಿಳಿ ಕಾಗದದ ಮೇಲೆ ಎಳೆದ ಶಾಯಿಯ ಗೆರೆಗಳು ಒದ್ದೆಯಾಗಿ ಹರಡಿದಂತೆ. ಆದ್ದರಿಂದ ಇವನ್ನು ‘ಹುಸಿಗಪ್ಪು ಹುಲಿ’ ಎನ್ನೋಣ.

ಹುಸಿಗಪ್ಪು ಹುಲಿಗಳು ಸಿಮಿಲಿಪಾಲದಲ್ಲಿ ಅಪರೂಪವೇ? ಇಲ್ಲ. ಅಲ್ಲಿನ ಪ್ರತಿ 100 ಹುಲಿಗಳಲ್ಲಿ ಸುಮಾರು 37 ಹೀಗಿವೆ ಎಂದು 2021ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಬೇರೆ ಯಾವ ಕಾಡಿನ ಕ್ಯಾಮೆರಾದಲ್ಲೂ ಇಂಥ ಹುಲಿ ಕಂಡಿರಲಿಲ್ಲ. ಒಂದೇ ಕಾಡಿನಲ್ಲಿ ಇಷ್ಟೊಂದು, ಉಳಿದೆಡೆ ಒಂದೂ ಇಲ್ಲ. ಏಕೆ ಹೀಗೆ? ಇದೇ ಒಗಟು.

ಈ ಒಗಟನ್ನು ಬಿಡಿಸಲು ಹೊರಟವರು ಬೆಂಗಳೂರಿನವರು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ವಿನಯ್ ಸಾಗರ್ ಮತ್ತು ಅವರ ಜೊತೆಗಾರರು. ಅವರು ಏನು ಕಂಡುಕೊಂಡರು ಎಂದು ತಿಳಿಯುವ ಮೊದಲು ಜೀನು ಎಂದರೇನು ಎಂದು ನೋಡೋಣ.

ಪ್ರತಿ ಜೀವಿಯ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಡಿ.ಎನ್.ಎ. ಎಂಬ ಉದ್ದನೆಯ ಎಳೆಗಳಿವೆ. ಈ ಎಳೆಯನ್ನು ಒಂದು ದೊಡ್ಡ ಪುಸ್ತಕ ಎಂದುಕೊಳ್ಳಿ. ಇದರ ಭಾಷೆಗೆ ನಮ್ಮ ಕನ್ನಡದಂತೆ ಐವತ್ತು ಅಕ್ಷರಗಳಿಲ್ಲ, ಇರುವುದು ನಾಲ್ಕೇ: ಎ, ಟಿ, ಜಿ, ಸಿ. ಈ ನಾಲ್ಕೇ ಅಕ್ಷರಗಳನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿ ಬರೆದ ಹುಲಿಯ ಪುಸ್ತಕದಲ್ಲಿ ಸುಮಾರು 240 ಕೋಟಿ ಅಕ್ಷರಗಳಿವೆ. ಪುಸ್ತಕದ ಒಂದೊಂದು ಪಾಠವೇ ಒಂದೊಂದು ಜೀನು. ಕನ್ನಡದಲ್ಲಿ ವಂಶವಾಹಿ ಎಂದೂ ಕರೆಯುತ್ತೇವೆ. ಒಂದು ಪಾಠದಲ್ಲಿ ಒಂದು ಪ್ರೋಟೀನನ್ನು ಹೇಗೆ ಕಟ್ಟಬೇಕು ಎಂಬ ಸೂಚನೆ ಇರುತ್ತದೆ.

ಪ್ರತಿ ಪಾಠದ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ. ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ. ಹುಲಿಗೂ ಅಷ್ಟೇ, ಬಟಾಣಿ ಗಿಡಕ್ಕೂ ಅಷ್ಟೇ. ಬಟಾಣಿ ಗಿಡಗಳನ್ನು ಬೆಳೆಸಿ, ಕಾಳುಗಳನ್ನು ಎಣಿಸಿ ಈ ಲೆಕ್ಕಾಚಾರವನ್ನು ಮೊದಲು ಹೊರಗೆಡಹಿದವನು ಗ್ರೆಗರ್ ಮೆಂಡೆಲ್. ಅವನ ಲೇಖನ ಅಚ್ಚಾದದ್ದು 1866ರಲ್ಲಿ.

ಬೆಂಗಳೂರಿನ ವಿಜ್ಞಾನಿಗಳು ಮೊದಲು ಮೃಗಾಲಯದ ಹುಲಿಗಳನ್ನು ನೋಡಿದರು. ಭುವನೇಶ್ವರದ ಬಳಿಯ ನಂದನಕಾನನದಲ್ಲಿ ಹುಸಿಗಪ್ಪು ಹುಲಿಗಳಿದ್ದವು. ಮೃಗಾಲಯದಲ್ಲಿ ಯಾವ ಹುಲಿ ಯಾವುದರ ಮರಿ ಎಂದು ಬರೆದಿಟ್ಟಿರುತ್ತಾರೆ. ಒಂದೇ ಮನೆತನದ ಕಪ್ಪು ಹುಲಿಗಳ ಮತ್ತು ಸಾಮಾನ್ಯ ಹುಲಿಗಳ ಡಿ.ಎನ್.ಎ.ಯನ್ನು ಹೋಲಿಸಿ ನೋಡಿದಾಗ ವ್ಯತ್ಯಾಸ ಸಿಕ್ಕಿತು. ಟ್ಯಾಕ್‌ಪೆಪ್ ಎಂಬ ಹೆಸರಿನ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ‘ಸಿ’ ಇರಬೇಕಾದ ಜಾಗದಲ್ಲಿ ‘ಟಿ’ ಇತ್ತು!

ಒಂದು ಅಕ್ಷರ ಬದಲಾದರೆ ಏನು ಮಹಾ ಎನ್ನುತ್ತೀರಾ? ‘ಹುಲಿ’ ಎಂದು ಬರೆಯುವಾಗ ‘ಲಿ’ ಬದಲು ‘ಳಿ’ ಬರೆದು ನೋಡಿ. ಕಾಡಿನಲ್ಲಿದ್ದದ್ದು ಅನ್ನದ ಮೇಲೆ ಬರುತ್ತದೆ! ಜೀನಿನಲ್ಲೂ ಹಾಗೆಯೇ. ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಈ ಒಂದು ಅಕ್ಷರದ ಬದಲಾವಣೆಯಿಂದ ಸರದ 454ನೇ ಮಣಿ ಬೇರೆಯಾಯಿತು. ಹಿಸ್ಟಿಡಿನ್ ಇರಬೇಕಾದಲ್ಲಿ ಟೈರೋಸಿನ್ ಬಂತು. ಮರಿ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಚರ್ಮದ ಮೇಲೆ ಪಟ್ಟೆ ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂದು ಗುರುತು ಹಾಕುವುದರಲ್ಲಿ ಈ ಪ್ರೋಟೀನಿಗೆ ಪಾತ್ರವಿದೆ. ಮಣಿ ಬದಲಾದದ್ದರಿಂದ ಗುರುತು ಕಲಸಿಹೋಯಿತು.

ಇದೇ ಜೀನು ಬೇರೆ ಪ್ರಾಣಿಗಳಲ್ಲೂ ಇಂಥ ಆಟ ಆಡಿದೆ. ಆಫ್ರಿಕಾದಲ್ಲಿ ಚುಕ್ಕೆಗಳ ಬದಲು ದಪ್ಪ ಪಟ್ಟೆಗಳಿರುವ ಚೀತಾ ಇದೆ. 1927ರಲ್ಲಿ ಅದು ಬೇರೆಯೇ ಜಾತಿಯ ಪ್ರಾಣಿ ಎಂದು ಭಾವಿಸಿ ಹೊಸ ಹೆಸರನ್ನೂ ಇಟ್ಟಿದ್ದರು. 1981ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಾಮಾನ್ಯ ಚುಕ್ಕೆಯ ಚೀತಾಕ್ಕೇ ಅಂಥ ಮರಿ ಹುಟ್ಟಿದಾಗ ಗುಟ್ಟು ರಟ್ಟಾಯಿತು. ಕೆಲವು ಸಾಕುಬೆಕ್ಕುಗಳ ಮೈಮೇಲೆ ಸಣ್ಣ ಗೆರೆಗಳ ಬದಲು ಸುರುಳಿ ಸುರುಳಿಯಾದ ದೊಡ್ಡ ಮಚ್ಚೆಗಳಿರುತ್ತವೆ. ಅದಕ್ಕೂ ಚೀತಾದ ಪಟ್ಟೆಗೂ ಟ್ಯಾಕ್‌ಪೆಪ್ ಜೀನೇ ಕಾರಣ ಎಂದು 2012ರಲ್ಲಿ ತಿಳಿಯಿತು.

ಸಾಮಾನ್ಯ ತಂದೆ ತಾಯಿಗೆ ವಿಚಿತ್ರ ಮರಿ ಹುಟ್ಟುವುದು ಹೇಗೆ? ಸಾಮಾನ್ಯ ಜೀನಿಗೆ ‘ಸ’ ಎಂದೂ ಅಗಲ ಪಟ್ಟೆಯ ಜೀನಿಗೆ ‘ಅ’ ಎಂದೂ ಹೆಸರಿಡೋಣ. ಹುಲಿಯಲ್ಲಿ ಎರಡು ಪ್ರತಿಗಳಿರುತ್ತವಲ್ಲ, ಅವು ‘ಸಸ’ ಆಗಿದ್ದರೆ ಪಟ್ಟೆ ಸಾಮಾನ್ಯ. ‘ಸಅ’ ಆಗಿದ್ದರೂ ಸಾಮಾನ್ಯವೇ! ಏಕೆಂದರೆ ಒಂದು ಒಳ್ಳೆಯ ಪ್ರತಿ ಇದ್ದರೆ ಕೆಲಸ ನಡೆದುಹೋಗುತ್ತದೆ. ‘ಅ’ ಇದ್ದೂ ಇಲ್ಲದಂತೆ ಅಡಗಿರುತ್ತದೆ. ಹೀಗೆ ಅಡಗುವ ಜೀನನ್ನು ಸುಪ್ತ ಎನ್ನುತ್ತಾರೆ. ಎರಡೂ ಪ್ರತಿ ‘ಅಅ’ ಆದಾಗ ಮಾತ್ರ ಹುಲಿ ಕಪ್ಪಾಗಿ ಕಾಣುತ್ತದೆ.

ಈಗ ಎರಡು ನಾಣ್ಯ ತೆಗೆದುಕೊಳ್ಳಿ. ಒಂದು ತಾಯಿ ಹುಲಿ, ಇನ್ನೊಂದು ತಂದೆ ಹುಲಿ. ಎರಡೂ ‘ಸಅ’. ನಾಣ್ಯದ ಒಂದು ಮುಖ ‘ಸ’, ಮತ್ತೊಂದು ಮುಖ ‘ಅ’. ಎರಡನ್ನೂ ಒಟ್ಟಿಗೆ ಚಿಮ್ಮಿ. ಬಿದ್ದ ಎರಡು ಮುಖಗಳೇ ಮರಿಯ ಜೀನುಗಳು. ನೂರು ಸಲ ಚಿಮ್ಮಿ ಬರೆದುಕೊಂಡರೆ ಸುಮಾರು ಇಪ್ಪತ್ತೈದು ಸಲ ‘ಅಅ’ ಬರುತ್ತದೆ. ತಂದೆ ತಾಯಿ ಇಬ್ಬರ ಮೈಮೇಲೂ ಇಲ್ಲದ ಬಣ್ಣ ಮರಿಯಲ್ಲಿ ಕಾಣಿಸಿಕೊಂಡಿತು!

ಇಲ್ಲಿಗೆ ಅರ್ಧ ಒಗಟು ಬಿಟ್ಟಿತು. ಉಳಿದರ್ಧ ಇನ್ನೂ ಸ್ವಾರಸ್ಯಕರ. ವಿಜ್ಞಾನಿಗಳು ಕಾಡಿನ ಹುಲಿಗಳನ್ನು ಹಿಡಿಯದೆ, ಅವು ಬಿಟ್ಟುಹೋದ ಹಿಕ್ಕೆ, ಕೂದಲಿನಂಥ ವಸ್ತುಗಳಿಂದಲೇ ಡಿ.ಎನ್.ಎ. ಪಡೆದರು. ಸಿಮಿಲಿಪಾಲದ 12 ಹುಲಿಗಳಲ್ಲಿ ಈ ಜೀನಿನ 24 ಪ್ರತಿಗಳಿದ್ದವು. ಅವುಗಳಲ್ಲಿ 14 ‘ಅ’ ಆಗಿದ್ದವು. ಅಂದರೆ ಅರ್ಧಕ್ಕಿಂತ ಹೆಚ್ಚು! ಬೇರೆ ಕಡೆಯ 395 ಹುಲಿಗಳನ್ನು ಪರೀಕ್ಷಿಸಿದಾಗ ‘ಅ’ ಒಂದರಲ್ಲೂ ಸಿಗಲಿಲ್ಲ.

ಡಿ.ಎನ್.ಎ. ನಕಲಾಗುವಾಗ ಆಗಾಗ ಅಕ್ಷರ ತಪ್ಪುವುದುಂಟು. ಇದಕ್ಕೆ ಉತ್ಪರಿವರ್ತನೆ ಎಂದು ಹೆಸರು. ಅಂಥ ಒಂದು ತಪ್ಪು ಮೊದಲು ಒಂದೇ ಹುಲಿಯಲ್ಲಿ ಇರುತ್ತದೆ. ಅದು ಇಡೀ ಕಾಡಿಗೆ ಹರಡಿದ್ದು ಹೇಗೆ? ಇದನ್ನು ತಿಳಿಯಲು ಒಂದು ಆಟ ಆಡೋಣ.

ಒಂದು ಡಬ್ಬಿಯಲ್ಲಿ 9 ಬಿಳಿ ಅಲಸಂದೆ ಕಾಳು, 1 ಕೆಂಪು ಅಲಸಂದೆ ಕಾಳು ಹಾಕಿ. ಕಣ್ಣು ಮುಚ್ಚಿ ಒಂದು ಕಾಳು ತೆಗೆಯಿರಿ. ಬಣ್ಣ ಬರೆದುಕೊಂಡು ಕಾಳನ್ನು ಮತ್ತೆ ಡಬ್ಬಿಗೆ ಹಾಕಿ ಕುಲುಕಿ. ಹೀಗೆ ಹತ್ತು ಸಲ ಮಾಡಿ. ನಿಮ್ಮ ಪಟ್ಟಿಯಲ್ಲಿ ಎಷ್ಟು ಕೆಂಪು, ಎಷ್ಟು ಬಿಳಿ ಬಂದಿದೆಯೋ ಅದೇ ಎರಡನೆಯ ಪೀಳಿಗೆ. ಡಬ್ಬಿಯನ್ನು ಖಾಲಿ ಮಾಡಿ ಆ ಲೆಕ್ಕದಂತೆ ಹತ್ತು ಕಾಳು ತುಂಬಿ ಮತ್ತೆ ಆಡಿ. ಹೀಗೆ ಹತ್ತಿಪ್ಪತ್ತು ಪೀಳಿಗೆ ಸಾಗಲಿ. ತರಗತಿಯಲ್ಲಿ ಹಲವು ತಂಡಗಳಾಗಿ ಆಡಿದರೆ ಚೆನ್ನ. ಬಹಳಷ್ಟು ತಂಡಗಳಲ್ಲಿ ಕೆಂಪು ಕಾಳು ಬೇಗನೆ ಮಾಯವಾಗುತ್ತದೆ. ಆದರೆ ಎಲ್ಲೋ ಒಂದೆರಡು ತಂಡಗಳಲ್ಲಿ ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಡಬ್ಬಿ ತುಂಬ ಕೆಂಪೇ ಆಗಿಬಿಡಬಹುದು. ಕೆಂಪು ಕಾಳು ಬಿಳಿಗಿಂತ ಗಟ್ಟಿಯೂ ಅಲ್ಲ, ರುಚಿಯೂ ಅಲ್ಲ. ಬರೀ ಅದೃಷ್ಟ!

ಇದೇ ಆಟವನ್ನು 90 ಬಿಳಿ, 10 ಕೆಂಪು ಕಾಳುಗಳಿಂದ, ನೂರು ಸಲ ತೆಗೆದು ಆಡಿ ನೋಡಿ. (ತಾಳ್ಮೆ ಬೇಕು!) ಒಂದೇ ಸುತ್ತಿನಲ್ಲಿ ಕೆಂಪು ಪೂರ್ತಿ ಮಾಯವಾಗುವುದು ಹೆಚ್ಚುಕಡಿಮೆ ಅಸಾಧ್ಯ. ಡಬ್ಬಿ ಚಿಕ್ಕದಾದಷ್ಟೂ ಏರಿಳಿತ ಜೋರು. ಇದನ್ನು ವಿಜ್ಞಾನಿಗಳು ಜೆನೆಟಿಕ್ ಡ್ರಿಫ್ಟ್ ಎನ್ನುತ್ತಾರೆ. ಜೀನುಗಳ ತೇಲಾಟ ಎಂದು ನಾವು ಕರೆಯಬಹುದು.

ವಿಕಾಸ ಎಂದೊಡನೆ ನಮಗೆ ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆ ನೆನಪಾಗುತ್ತದೆ. ಬದುಕಲು ನೆರವಾಗುವ ಗುಣ ಪೀಳಿಗೆಯಿಂದ ಪೀಳಿಗೆಗೆ ಹೆಚ್ಚುತ್ತದೆ ಎಂಬುದು ಅದರ ತಿರುಳು. ದಟ್ಟ ಕಾಡಿನಲ್ಲಿ ಕಪ್ಪು ಮೈ ಬಚ್ಚಿಟ್ಟುಕೊಳ್ಳಲು ಅನುಕೂಲ ಎಂದು ನೀವು ಊಹಿಸಿದ್ದರೆ ಅದು ಜಾಣ ಊಹೆಯೇ. ಹಾಗೂ ಇರಬಹುದು. ಆದರೆ ಬೆಂಗಳೂರಿನ ತಂಡ ನಮ್ಮ ಕಾಳಿನ ಆಟದಂಥದ್ದನ್ನೇ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಆಡಿಸಿ ನೋಡಿತು. ಕೆಲವೇ ಹುಲಿಗಳಿಂದ ಶುರುವಾಗಿ, ಹೊರಗಿನ ಸಂಪರ್ಕ ಇಲ್ಲದೆ ಉಳಿದ ಗುಂಪಿನಲ್ಲಿ ಬರೀ ತೇಲಾಟದಿಂದಲೇ ‘ಅ’ ಇಷ್ಟು ಹೆಚ್ಚಾಗಬಹುದು ಎಂದು ಕಂಡುಬಂತು.

ಸಿಮಿಲಿಪಾಲ ಅಂಥದೇ ಚಿಕ್ಕ ಡಬ್ಬಿ. ಬಂಡೀಪುರದಲ್ಲಿ ಹುಟ್ಟಿದ ಹುಲಿ ಪ್ರಾಯಕ್ಕೆ ಬಂದಾಗ ನಾಗರಹೊಳೆಗೋ ಮುದುಮಲೆಗೋ ವಯನಾಡಿಗೋ ಹೋಗಬಹುದು. ಈ ಕಾಡುಗಳು ಒಂದಕ್ಕೊಂದು ತಾಗಿಕೊಂಡಿವೆ. ಸಿಮಿಲಿಪಾಲದ ಹುಲಿಗಳಿಗೆ ಹತ್ತಿರದಲ್ಲಿ ಬೇರೆ ಹುಲಿಗಳ ನೆಲೆ ಇಲ್ಲ. ಒಡಿಶಾ ಸರ್ಕಾರ 2024ರಲ್ಲಿ ಪ್ರಕಟಿಸಿದ ಗಣತಿಯಂತೆ ಅಲ್ಲಿದ್ದ ಬೆಳೆದ ಹುಲಿಗಳು 27. ಅವುಗಳಲ್ಲಿ 13 ಹುಸಿಗಪ್ಪು.

ಪಟ್ಟೆ ಅಗಲವಾದರೆ ಹುಲಿಗೆ ನೋವೇನೂ ಇಲ್ಲ. ಹಾಗಾದರೆ ಚಿಂತೆ ಏಕೆ? ಡಿ.ಎನ್.ಎ. ಪುಸ್ತಕದಲ್ಲಿ ಅಡಗಿರುವ ತಪ್ಪು ‘ಅ’ ಒಂದೇ ಅಲ್ಲ. ರೋಗ ತರುವ, ಮರಿಗಳನ್ನು ದುರ್ಬಲಗೊಳಿಸುವ ತಪ್ಪುಗಳೂ ಎಲ್ಲ ಜೀವಿಗಳಲ್ಲಿ ಒಂದೊಂದೇ ಪ್ರತಿಯಾಗಿ ಅಡಗಿರುತ್ತವೆ. ದೂರದ ಎರಡು ಹುಲಿಗಳು ಜೊತೆಯಾದರೆ ಇಬ್ಬರಲ್ಲೂ ಒಂದೇ ತಪ್ಪು ಇರುವುದು ಅಪರೂಪ. ಹತ್ತಿರದ ಸಂಬಂಧಿಗಳಾದರೆ ಹಾಗಲ್ಲ. 1951ರಲ್ಲಿ ಈಗಿನ ಮಧ್ಯಪ್ರದೇಶದ ರೇವಾದ ಮಹಾರಾಜರು ಮೋಹನ್ ಎಂಬ ಬಿಳಿ ಹುಲಿಮರಿಯನ್ನು ಹಿಡಿದರು. ಸಾಮಾನ್ಯ ಹೆಣ್ಣುಹುಲಿಯಿಂದ ಅದಕ್ಕೆ ಹುಟ್ಟಿದ ಮರಿಗಳೆಲ್ಲ ಸಾಮಾನ್ಯ ಬಣ್ಣದವು. ಆಮೇಲೆ ಅದರ ಮಗಳೊಂದಿಗೇ ಜೊತೆ ಮಾಡಿದಾಗ 1958ರಲ್ಲಿ ಬಿಳಿ ಮರಿಗಳು ಹುಟ್ಟಿದವು. ಮಗಳಲ್ಲಿ ಅಡಗಿದ್ದ ಅಪ್ಪನ ಜೀನು ಹೊರಬಂತು. ಅಲ್ಲಿ ಹೊರಬಂದದ್ದು ಬಿಳಿ ಬಣ್ಣ. ಪುಟ್ಟ ಕಾಡಿನಲ್ಲಿ ಎಲ್ಲರೂ ನೆಂಟರೇ ಆದಾಗ ಹೀಗೆಯೇ ರೋಗವೂ ಹೊರಬರಬಹುದು. ಸಿಮಿಲಿಪಾಲದ ಕಪ್ಪು ಬಣ್ಣ ಅಲ್ಲಿನ ಹುಲಿಗಳು ಎಷ್ಟು ಒಂಟಿಯಾಗಿವೆ ಎಂದು ನಮಗೆ ಕಣ್ಣಿಗೆ ಕಾಣುವಂತೆ ತೋರಿಸಿತು.

ಅದಕ್ಕಾಗಿಯೇ 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾ ಕಾಡಿನಿಂದ ಎರಡು ಹೆಣ್ಣುಹುಲಿಗಳನ್ನು ಸಿಮಿಲಿಪಾಲಕ್ಕೆ ತಂದರು. ಒಂದರ ಹೆಸರು ಜಮುನಾ, ಇನ್ನೊಂದರ ಹೆಸರು ಜೀನತ್. (ಹೆಸರಿನಲ್ಲೇ ಜೀನು ಇದೆ ನೋಡಿ!) ಜೀನತ್‌ಗೆ ಹೊಸ ಮನೆ ಹಿಡಿಸಲಿಲ್ಲವೋ ಏನೋ, ಡಿಸೆಂಬರಿನಲ್ಲಿ ಜಾರ್ಖಂಡಕ್ಕೆ ಹೋಯಿತು. ಅಲ್ಲಿಂದ ಪಶ್ಚಿಮ ಬಂಗಾಳಕ್ಕೆ ನುಗ್ಗಿತು. ಮೂರು ರಾಜ್ಯಗಳ ಅರಣ್ಯ ಸಿಬ್ಬಂದಿಯ ನಿದ್ದೆಗೆಡಿಸಿ ಕೊನೆಗೆ ಡಿಸೆಂಬರ್ 29ರಂದು ಬಾಂಕುರಾ ಜಿಲ್ಲೆಯಲ್ಲಿ ಅರಿವಳಿಕೆ ಮದ್ದಿಗೆ ಸಿಕ್ಕಿ, ಮತ್ತೆ ಸಿಮಿಲಿಪಾಲಕ್ಕೆ ಬಂತು.

ತಾಡೋಬಾದ ಹುಲಿಗಳು ‘ಸಸ’. ಜಮುನಾ ಒಂದು ಹುಸಿಗಪ್ಪು ಗಂಡುಹುಲಿಯ ಜೊತೆಯಾಗಿ ಮರಿ ಹಾಕಿದರೆ ಆ ಮರಿಗಳೆಲ್ಲ ‘ಸಅ’ ಆಗುತ್ತವೆ. ನೋಡಲು ಸಾಮಾನ್ಯ ಪಟ್ಟೆ. ಅವುಗಳಲ್ಲಿ ಒಂದು ಬೆಳೆದು ಮತ್ತೊಂದು ಹುಸಿಗಪ್ಪು ಹುಲಿಯ ಜೊತೆಯಾದರೆ, ಹುಟ್ಟುವ ನಾಲ್ಕು ಮರಿಗಳಲ್ಲಿ ಎಷ್ಟು ಕಪ್ಪಾಗಿರಬಹುದು? ಒಂದು ನಾಣ್ಯದ ಎರಡೂ ಮುಖಕ್ಕೆ ‘ಅ’ ಬರೆದು ಅಂಟಿಸಿ, ಚಿಮ್ಮಿ ನೋಡಿ.