ನೀರು ಉಬ್ಬಿಸುತ್ತದೆ, ನೀರೇ ಪುಡಿಮಾಡುತ್ತದೆ

ಮದುವೆಗೆಂದು ಕೊಂಡ ದುಬಾರಿ ಬೂಟು. ಮತ್ತೆ ಮತ್ತೆ ಹಾಕಿದರೆ ಹಾಳಾದೀತೆಂದು ಪೆಟ್ಟಿಗೆಯಲ್ಲಿಟ್ಟಿದ್ದು, ನಾಲ್ಕಾರು ವರ್ಷದ ಮೇಲೆ ಹಾಕಿಕೊಂಡು ಹೊರಟರೆ ಸೋಲ್ ದಾರಿಯಲ್ಲೇ ಪುಡಿಪುಡಿಯಾಗಿ ಉದುರುತ್ತದೆ. ಮೇಲಿನ ಚರ್ಮ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಅಂಗಡಿಯವನನ್ನು ಬೈಯುವವರೇ ಹೆಚ್ಚು. ಕಾರಣ ಇರುವುದು ಸೋಲಿನ ರಸಾಯನದಲ್ಲಿ.

ಅದು ಪಾಲಿಯುರಿಥೇನ್. ಅಂಗಡಿಗಳಲ್ಲಿ ಬರೀ 'ಪಿಯು'. 1937ರಲ್ಲಿ ಜರ್ಮನಿಯ ಲೆವರ್‌ಕೂಸನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು ಇದರ ದಾರಿ ಕಂಡುಕೊಂಡರು. ಐಸೊಸಯನೇಟ್ ಮತ್ತು ಪಾಲಿಯಾಲ್ ಎಂಬ ಎರಡು ದ್ರವಗಳನ್ನು ಬೆರೆಸಿದರೆ ಗಟ್ಟಿ ವಸ್ತುವಾಗುತ್ತದೆ. ಆ ಮಿಶ್ರಣಕ್ಕೆ ಸ್ವಲ್ಪ ನೀರು ಸೇರಿದರೆ ಐಸೊಸಯನೇಟ್ ಅದರೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. ಇಡೀ ರಾಶಿ ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ. ನಾವು ಮಲಗುವ ಫೋಮ್ ಹಾಸಿಗೆ, ಬಸ್ಸಿನ ಸೀಟು ಹುಟ್ಟುವುದು ಹೀಗೆ.

ಪಾಲಿಯಾಲ್ ಬದಲಿಸಿದರೆ ಗುಣವೂ ಬದಲಾಗುತ್ತದೆ. ಲೆಗ್ಗಿಂಗ್ಸ್ ಹಿಗ್ಗುವುದಕ್ಕೆ ಕಾರಣವಾದ ಸ್ಪ್ಯಾಂಡೆಕ್ಸ್ ನೂಲು, ಕಾರಿನ ಹೊಳಪು ಬಣ್ಣ, ಜೆಸಿಬಿಯ ಹೈಡ್ರಾಲಿಕ್ ಸೀಲು, ಎಲ್ಲವೂ ಇದೇ ಕುಟುಂಬ. ಫ್ರಿಜ್ಜಿನ ಗೋಡೆಯೊಳಗಿನ ಗಟ್ಟಿ ಫೋಮ್ ಶಾಖವನ್ನು ತಡೆಯುವುದು ತನ್ನ ಮುಚ್ಚಿದ ಕೋಶಗಳಲ್ಲಿ ಹಿಡಿದಿಟ್ಟ ಅನಿಲದಿಂದ. ಹಿಂದೆ ಆ ಅನಿಲವೇ ಓಜೋನ್ ಪದರವನ್ನು ಸವೆಸುತ್ತಿತ್ತು. ಫೋಮ್ ಉಬ್ಬಿಸಲು ಬಳಸುತ್ತಿದ್ದ ಎಚ್‌ಸಿಎಫ್‌ಸಿ-141ಬಿಯನ್ನು ಭಾರತ 2020ರ ಜನವರಿ 1ರಿಂದ ಕೈಬಿಟ್ಟಿದೆ.

ಮತ್ತೆ ಬೂಟಿಗೆ ಬರೋಣ. ಅನೇಕ ಸೋಲ್‌ಗಳು ಪಾಲಿಯೆಸ್ಟರ್ ಬಗೆಯ ಪಾಲಿಯಾಲ್ ಬಳಸಿದ ಪಿಯು. ಸವೆತ ತಾಳುವುದರಲ್ಲಿ ಇವು ಗಟ್ಟಿಗ, ಆದರೆ ಗಾಳಿಯ ತೇವ ಇವುಗಳ ಎಸ್ಟರ್ ಬಂಧಗಳನ್ನು ಒಂದೊಂದಾಗಿ ಕಡಿಯುತ್ತದೆ. ಆಗ ಹುಟ್ಟುವ ಆಮ್ಲ ಆ ಕೆಲಸವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಇಂಥ ಸೋಲ್ ಬೇಗ ಸೋಲುತ್ತದೆ. ಪೆಟ್ಟಿಗೆಯಲ್ಲಿಟ್ಟರೂ ಅದಕ್ಕೆ ವಯಸ್ಸಾಗುತ್ತದೆ. ಕೊಂಡಿದ್ದನ್ನು ಹಾಕಿ ಸವೆಸುವುದೇ ಲಾಭ. ತಯಾರಾದ ತಿಂಗಳು, ವರ್ಷ ಎಲ್ಲ ಬೂಟಿನ ಮೇಲೂ ಎದ್ದು ಕಾಣುವಂತಿರಬೇಕೆಂದು ಗ್ರಾಹಕರು ಕೇಳಬೇಕು.

ಬೂಟು ಹೋದರೆ ಇನ್ನೊಂದು ಕೊಳ್ಳಬಹುದು. ನನಗೆ ಹೆಚ್ಚು ಚಿಂತೆಯಾಗುವುದು ಪಿಯು ಬಣ್ಣ ಸ್ಪ್ರೇ ಮಾಡುವ ಗ್ಯಾರೇಜ್ ಹುಡುಗರದ್ದು. ಗಟ್ಟಿಯಾದ ಪಾಲಿಯುರಿಥೇನ್ ನಿರುಪದ್ರವಿ ಎನ್ನಬಹುದು, ಆದರೆ ಸ್ಪ್ರೇಯ ಮಂಜಿನಲ್ಲಿ ಇನ್ನೂ ಗಟ್ಟಿಯಾಗದ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕಿಳಿದರೆ ಆಸ್ತಮಾ ಬರಬಹುದು. ಒಮ್ಮೆ ಒಗ್ಗದಾಯಿತೆಂದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫು ಇದನ್ನು ತಡೆಯದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖಕವಚ, ಮಂಜನ್ನು ಹೊರಗೆಳೆಯುವ ಫ್ಯಾನು ಇರುವ ಸ್ಪ್ರೇ ಕೋಣೆ, ಇವೆರಡನ್ನೂ ಮಾಲೀಕರೇ ಒದಗಿಸಬೇಕು.