ಹಳೆಯ ದೊಡ್ಡ ಕಾರನ್ನು ಸಾಕುವ ಬಗೆ

2024 ಮತ್ತು 2025ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಧಾರಣೆ ಬಂದಿತು. ಕೈಯಲ್ಲಿ ನಾಲ್ಕು ಕಾಸು ನಿಂತ ಮೇಲೆ ನಮ್ಮ ಬೆಳೆಗಾರ ಬಾಂಧವರಲ್ಲಿ ಕೆಲವರ ಮನಸ್ಸು ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರುಗಳ ಕಡೆ ಹರಿದಿದೆ. ಹತ್ತು ಹನ್ನೆರಡು ವರ್ಷ ಓಡಿದ ಬೆಂಜ್, ಬಿ.ಎಂ.ಡಬ್ಲ್ಯು., ಆಡಿ ಕಾರುಗಳು ಈಗ ಅಲ್ಲಿ ಹೊಸ ಸಣ್ಣ ಕಾರಿನ ಬೆಲೆಗೆ ದೊರೆಯುತ್ತವೆ. ಗಟ್ಟಿ ಕಬ್ಬಿಣ, ಮೆತ್ತನೆಯ ಸೀಟು, ಕಾಲಿಟ್ಟರೆ ಹಾರುವ ಎಂಜಿನ್ನು, ಆಸೆಯಾಗುವುದು ಸಹಜ. ಕೊಳ್ಳಬೇಡಿ ಎಂದು ನಾವು ಹೇಳುವುದಿಲ್ಲ. ಕೊಂಡವರು ಅದನ್ನು ದಾರಿಯಲ್ಲಿ ಕೈಕೊಡದಂತೆ ಇಟ್ಟುಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿ ನಾವು ಹೇಳಹೊರಟಿರುವ ವಿಷಯ.

ಮೊದಲಿಗೆ ಲೆಕ್ಕ. ಹೊಸದರಲ್ಲಿ 50 ಲಕ್ಷ ರೂಪಾಯಿ ಇದ್ದ ಕಾರು ಇಂದು 6 ಲಕ್ಷಕ್ಕೆ ಬಂದಿತೆಂದು ಇಟ್ಟುಕೊಳ್ಳಿ. ಕಾರಿನ ಬೆಲೆ ಇಳಿಯಿತು, ಆದರೆ ಅದರ ಬಿಡಿಭಾಗಗಳ ಬೆಲೆ ಇಳಿಯಲಿಲ್ಲ. ನೀರಿನ ಪಂಪು, ಗೇರ್ ಬಾಕ್ಸು, ಹೆಡ್‌ಲೈಟು ಎಲ್ಲಕ್ಕೂ ಇವತ್ತಿಗೂ 50 ಲಕ್ಷದ ಕಾರಿನ ಬೆಲೆಯೇ. ಕೊಂಡವರು ಬಹಳ ಮಂದಿ ಮರೆಯುವುದು ಇದನ್ನೇ. ಆನೆಯನ್ನು ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದಂತೆ, ಇದ್ದಬದ್ದ ಹಣವನ್ನೆಲ್ಲ ಕಾರಿಗೇ ಸುರಿದು, ಆಮೇಲೆ ಎಣ್ಣೆ ಬದಲಿಸುವುದಕ್ಕೂ ಹಿಂದೆಮುಂದೆ ನೋಡುತ್ತಾರೆ. ನಮ್ಮ ಸಲಹೆಯೆಂದರೆ, ಕೊಳ್ಳುವ ಬೆಲೆಯ ಮೂರನೆಯ ಒಂದು ಭಾಗವನ್ನು ಬೇರೆ ಪಾಸ್‌ಬುಕ್ಕಿನಲ್ಲಿ ಇಟ್ಟ ಮೇಲೆಯೇ ಕಾರಿನ ಮಾತು ಎತ್ತಬೇಕು. ಅದು ಆಗದಿದ್ದರೆ ಒಂದು ಬೆಳೆ ಕಾಯುವುದು ಮೇಲು.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರಸ್ತೆಗಳನ್ನು ಮುಂದಿಟ್ಟುಕೊಂಡು ಈ ಮಾತು ಬರೆಯುವುದಕ್ಕೆ ಕಾರಣವುಂಟು. ಕೊಡಗಿನ ಬೆಳೆಗಾರರು ಬೆಂಗಳೂರಿಗೆ ಹೋಗುವುದು ಬಹುಮಟ್ಟಿಗೆ ಮಂಡ್ಯ, ಮದ್ದೂರುಗಳ ಮೇಲೆಯೇ. ಬಿಳಿಗಿರಿರಂಗನ ಬೆಟ್ಟದ ಕಡೆಯವರು ಕೊಳ್ಳೇಗಾಲ ಹಾದು ಮಳವಳ್ಳಿಗೆ ಬರುತ್ತಾರೆ. ಹಿಂದೆ ಈ ದಾರಿಯಲ್ಲಿ ಹೋಗುವ ಪ್ರತಿಯೊಂದು ವಾಹನವೂ ಮದ್ದೂರಿನಲ್ಲಿ ನಿಲ್ಲುತ್ತಿತ್ತು. ನಾವು ವಡೆ ತಿಂದು ಕಾಫಿ ಕುಡಿಯುವ ಅರ್ಧ ಗಂಟೆ ಎಂಜಿನ್ನೂ ತಣ್ಣಗಾಗುತ್ತಿತ್ತು. ರೇಡಿಯೇಟರಿನಿಂದ ನೀರು ಸೋರುತ್ತಿದ್ದರೆ ಅಲ್ಲೇ ನೆಲದ ಮೇಲೆ ಕಾಣುತ್ತಿತ್ತು, ಅಲ್ಲೇ ಒಬ್ಬ ಮೇಸ್ತ್ರಿಯೂ ಸಿಗುತ್ತಿದ್ದ. 2023ರ ಮಾರ್ಚ್ 12ರಂದು 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಈಗ ದಾರಿ ಮದ್ದೂರನ್ನು ಮೇಲಿನಿಂದಲೇ ದಾಟಿ, ಮಂಡ್ಯವನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದೇ ಉಸಿರಿಗೆ ಓಡುವಾಗ, ಊರೊಳಗಿನ ಓಡಾಟದಲ್ಲಿ ವರ್ಷಗಟ್ಟಲೆ ಮರೆಯಾಗಿದ್ದ ದೌರ್ಬಲ್ಯವೆಲ್ಲ ಒಂದು ಮಧ್ಯಾಹ್ನದಲ್ಲಿ ಹೊರಬೀಳುತ್ತದೆ. ವಡೆಯ ಅಂಗಡಿಗಳಿಗೆ ಆದ ನಷ್ಟದ ಮಾತು ಬೇರೆ.

ಹಳೆಯ ದೊಡ್ಡ ಕಾರುಗಳನ್ನು ಕೆಡಿಸುವುದು ಓಡಿದ ದೂರಕ್ಕಿಂತ ಹೆಚ್ಚಾಗಿ ವಯಸ್ಸು. ಎಂಜಿನ್ನಿನ ಕಬ್ಬಿಣ, ಉಕ್ಕು ಮೂರು ಲಕ್ಷ ಕಿಲೋಮೀಟರಿಗೂ ಜಗ್ಗುವುದಿಲ್ಲ. ಆದರೆ ಅದರ ಸುತ್ತ ಇರುವ ರಬ್ಬರು, ಪ್ಲಾಸ್ಟಿಕ್ಕು ಹತ್ತು ವರ್ಷದ ಶಾಖದಲ್ಲಿ ಬೆಂದು ಹಪ್ಪಳದಂತಾಗಿರುತ್ತವೆ. "ಬರೀ 40 ಸಾವಿರ ಓಡಿದೆ, ಡಾಕ್ಟರೊಬ್ಬರ ಮನೆಯ ಕಾರು" ಎಂದು ದಲ್ಲಾಳಿ ಹೇಳಿದರೆ, ಮಾತು ನಿಜವೇ ಆದರೂ ಹಿಗ್ಗಬೇಕಾಗಿಲ್ಲ.

ಇವುಗಳಲ್ಲಿ ಮೊದಲ ಗಮನ ಕೊಡಬೇಕಾದದ್ದು ಎಂಜಿನ್ನನ್ನು ತಂಪಾಗಿಡುವ ವ್ಯವಸ್ಥೆಗೆ. ರೇಡಿಯೇಟರಿನ ಎರಡು ಪಕ್ಕದ ತೊಟ್ಟಿಗಳು, ಕೂಲಂಟ್ ತುಂಬುವ ಡಬ್ಬಿ, ಅದರ ಮುಚ್ಚಳ, ಪೈಪುಗಳ ಕೂಡುಗೊಳವೆಗಳು ಇಂದಿನ ಕಾರುಗಳಲ್ಲಿ ಪ್ಲಾಸ್ಟಿಕ್ಕಿನವು. ಒಂದು ಸಣ್ಣ ಬಿರುಕು ಬಿಟ್ಟರೆ ಸಾಕು, ಒತ್ತಡದಲ್ಲಿರುವ ಬಿಸಿನೀರು ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಈ ಎಂಜಿನ್ನುಗಳ ಹೆಡ್ಡು ಅಲ್ಯೂಮಿನಿಯಂ. ಮಿತಿಮೀರಿ ಕಾದರೆ ಡೊಂಕಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಕೆಲವು ಸಾವಿರದ ಪೈಪಿನಿಂದ ಲಕ್ಷಗಳ ಕೆಲಸ ಬರುವುದು ಹೀಗೆ. ಅಡಿಕೆಗೆ ಕೊಳೆರೋಗ ಬಂದ ಮೇಲೆ ಬೋರ್ಡೋ ದ್ರಾವಣ ಹೊಡೆದರೆ ಏನು ಫಲ ಎಂಬುದು ನಮ್ಮ ಓದುಗರಿಗೆ ಗೊತ್ತಿದೆ. ಇಲ್ಲಿಯೂ ಹಾಗೆಯೇ. ಕಾರು ಕೊಂಡ ಮೊದಲ ತಿಂಗಳಲ್ಲಿಯೇ, ಚೆನ್ನಾಗಿ ಕಂಡರೂ ಸರಿ, ಪೈಪುಗಳು, ಥರ್ಮೋಸ್ಟಾಟ್, ನೀರಿನ ಪಂಪು, ಕೂಲಂಟ್ ಡಬ್ಬಿ, ಮುಚ್ಚಳ ಇಷ್ಟನ್ನೂ ಒಟ್ಟಿಗೆ ಬದಲಿಸುವುದು ಒಳ್ಳೆಯದು. ಒಂದೊಂದಾಗಿ ಬದಲಿಸಿದರೆ ಪ್ರತಿ ಸಲವೂ ಬಿಚ್ಚುವ ಕೂಲಿ, ಪ್ರತಿ ಸಲವೂ ಹೊಸ ಕೂಲಂಟ್.

ಇನ್ನೊಂದು ಮಾತು. ಕೂಲಂಟ್ ಕಡಿಮೆಯಾದರೆ ಪಂಪ್‌ಸೆಟ್ಟಿನ ನೀರು ಹಿಡಿದು ತುಂಬುವ ಅಭ್ಯಾಸ ನಮ್ಮಲ್ಲಿದೆ. ಹಳೆಯ ಅಂಬಾಸಿಡರಿಗೆ ಅದು ನಡೆಯಿತು. ಮಂಡ್ಯ ಸೀಮೆಯ ಕೊಳವೆ ಬಾವಿಗಳಲ್ಲಿ ಗಡಸು ನೀರೇ ಹೆಚ್ಚು. ಸ್ನಾನದ ಹಂಡೆಯಲ್ಲಿ ಬಿಳಿಯ ಪಾಚು ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಪಾಚು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಎರಡು ಕ್ಯಾನು ಡಿಕ್ಕಿಯಲ್ಲಿರಲಿ. ಕಾರಿನ ಕಂಪನಿ ಹೇಳಿದ ಕೂಲಂಟನ್ನೇ ಹಾಕಿ. ಬಣ್ಣ ಒಂದೇ ಎಂದು ಬೇರೆ ಬೇರೆಯದನ್ನು ಬೆರೆಸಬೇಡಿ. ಹೆದ್ದಾರಿಯಲ್ಲಿ ಶಾಖದ ಮುಳ್ಳು ಮೇಲೇರಿದರೆ "ಇನ್ನೇನು ಮಂಡ್ಯ ಬಂತು" ಎಂದು ಎಳೆಯಬೇಡಿ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, 1033ಕ್ಕೆ ಫೋನು ಮಾಡಿ. ಬಿಸಿಯಿರುವಾಗ ಮುಚ್ಚಳ ತೆಗೆಯಲೇಬಾರದು.

ಎಂಜಿನ್ ಎಣ್ಣೆಯ ವಿಷಯದಲ್ಲಿ 5-30, 5-40 ಎಂಬ ಅಂಕಿಗಳನ್ನಷ್ಟೇ ನೋಡಿದರೆ ಸಾಲದು. ಕಂಪನಿಯ ಒಪ್ಪಿಗೆಯ ಸಂಖ್ಯೆ ಡಬ್ಬಿಯ ಹಿಂಭಾಗದಲ್ಲಿ ಮುದ್ರಿತವಾಗಿರುತ್ತದೆ, ಬೆಂಜಿಗೆ 229.5 ಎಂಬಂತೆ. ಕಾರಿನ ಪುಸ್ತಕದಲ್ಲಿರುವ ಸಂಖ್ಯೆಯೂ ಡಬ್ಬಿಯ ಮೇಲಿನದೂ ಒಂದೇ ಆಗಿರಬೇಕು. ಪುಸ್ತಕ 15 ಸಾವಿರ ಕಿಲೋಮೀಟರ್ ಎಂದರೂ ಹಳೆಯ ಎಂಜಿನ್ನಿಗೆ 8 ಸಾವಿರಕ್ಕೆ, ಇಲ್ಲವೇ ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮವೆಂದು ನಮ್ಮ ಅಭಿಪ್ರಾಯ. ಟರ್ಬೊ ಇರುವ ಕಾರನ್ನು ಹೆದ್ದಾರಿಯಿಂದ ಇಳಿಸಿದ ತಕ್ಷಣ ಆರಿಸದೆ ಒಂದು ನಿಮಿಷ ಹಾಗೆಯೇ ಬಿಡಬೇಕು.

ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆಯನ್ನು ಜೀವಮಾನ ಬದಲಿಸಬೇಕಿಲ್ಲ ಎಂದು ಮಾರುವವರು ಹೇಳುತ್ತಾರೆ. ಯಾರ ಜೀವಮಾನ ಎಂದು ಕೇಳಬೇಕು. ಬಿ.ಎಂ.ಡಬ್ಲ್ಯು. ಮೊದಲಾದ ಕಾರುಗಳಿಗೆ ಗೇರ್ ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್.ಎಫ್. ಕಂಪನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರಿನೊಳಗೆ ಬದಲಿಸಲು ಹೇಳುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಘಾಟಿ ಇಳಿಯುವಾಗ ಪೆಡಲು ಮೆತ್ತಗಾಗಬಹುದು. 1990ರ ದಶಕದ ಮೊದಲ ಭಾಗದ ಬೆಂಜ್ ಮೇಲೆ ಮನಸ್ಸಿದ್ದವರು ಎಂಜಿನ್ನಿನ ವೈರುಗಳನ್ನು ನೋಡಬೇಕು. ಆ ಕಾಲದ ಹಲವು ಕಾರುಗಳಲ್ಲಿ ವೈರಿನ ಮೇಲಿನ ಹೊದಿಕೆ ಕೈಯಿಟ್ಟರೆ ಉದುರುತ್ತದೆ.

ಗಾಳಿಯ ಚೀಲದ ಮೇಲೆ ಕೂರುವ ಸಸ್ಪೆನ್ಷನ್ ಇದ್ದರೆ ಬೆಳಿಗ್ಗೆ ಕಾರು ಒಂದು ಮೂಲೆಗೆ ಕುಸಿದಿದೆಯೇ ಎಂದು ದೂರ ನಿಂತು ನೋಡಿ. ಚೀಲ ಸೋರುತ್ತಿದ್ದರೆ ಅದನ್ನು ತುಂಬಲು ಗಾಳಿಯ ಪಂಪು ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಒಂದು ಖರ್ಚು ಎರಡಾಗುವ ಮುಂಚೆ ಚೀಲ ಬದಲಿಸಬೇಕು. ಮಳವಳ್ಳಿ ಕಡೆಯ ಹಳ್ಳಿ ರಸ್ತೆಗಳ ಎತ್ತರದ ಹಂಪುಗಳಿಗೆ ಈ ಕಾರುಗಳ ಹೊಟ್ಟೆ ತಗುಲುತ್ತದೆ. ಓರೆಯಾಗಿ, ನಿಧಾನವಾಗಿ ಹತ್ತಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ಕಬ್ಬು ಅರೆಯುವ ಕಾಲದಲ್ಲಿ ರಾತ್ರಿ ಹೊತ್ತು ದೀಪವಿಲ್ಲದ ಕಬ್ಬಿನ ಟ್ರಾಕ್ಟರುಗಳ ನಡುವೆ ಇಷ್ಟು ಶಕ್ತಿಯ ಎಂಜಿನ್ನಿನಿಂದ ಪ್ರಯೋಜನವೂ ಇಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಗೆರೆ ಎಷ್ಟು ಆಳವಿದ್ದರೂ ಆರು ವರ್ಷ ದಾಟಿದ ಟೈರನ್ನು ಹೆದ್ದಾರಿಗೆ ಒಯ್ಯಬಾರದೆಂದು ನಾವು ಹೇಳುತ್ತೇವೆ. ಇಂಥ ಕಾರಿಗೆ ವೇಗದ ಅಕ್ಷರವನ್ನೂ ನೋಡಬೇಕು. ವಿ ಎಂದರೆ ಗಂಟೆಗೆ 240 ಕಿಲೋಮೀಟರು, ಡಬ್ಲ್ಯು ಎಂದರೆ 270. ಅಷ್ಟು ವೇಗ ನಮಗೆ ಬೇಕಿಲ್ಲ ಎಂದು ಅಗ್ಗದ ಟೈರು ಹಾಕಿಸುವವರಿದ್ದಾರೆ. ಆದರೆ ಆ ಅಕ್ಷರ ಟೈರು ಶಾಖವನ್ನು ತಡೆಯುವ ಶಕ್ತಿಯನ್ನೂ ಹೇಳುತ್ತದೆ. ಏಪ್ರಿಲಿನ ಮಧ್ಯಾಹ್ನ, ಎರಡು ಟನ್ನಿನ ಹತ್ತಿರದ ಕಾರು, ಕಾದ ರಸ್ತೆ, ಯೋಚಿಸಿ ನೋಡಿ.

ಇನ್ನು ಪೆಟ್ರೋಲ್. ಇದು ಮಂಡ್ಯ ಜಿಲ್ಲೆಯವರಿಗೆ ಎರಡು ಕಡೆಯಿಂದಲೂ ಸಂಬಂಧಪಟ್ಟ ವಿಷಯ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಮೊದಲು 2030ಕ್ಕೆ ಇಟ್ಟುಕೊಂಡಿದ್ದ ಕೇಂದ್ರ ಸರ್ಕಾರ ಅದನ್ನು 2025ರಲ್ಲಿಯೇ ಮುಟ್ಟಿತು. ಈ ಎಥೆನಾಲ್ ಕಬ್ಬಿನ ಹಾಲು, ಕಾಕಂಬಿ, ಜೋಳ, ಅಕ್ಕಿಗಳಿಂದ ಬರುವಂಥದು. ಕಬ್ಬು ಬೆಳೆಗಾರರಿಗೆ ಇದರಿಂದ ಹೊಸ ಮಾರುಕಟ್ಟೆ ದೊರೆತಿರುವುದು ಸಂತೋಷದ ಸಂಗತಿ. ಆದರೆ ಅದೇ ಬೆಳೆಗಾರರ ಮನೆಯ ಮುಂದಿನ ಹಳೆಯ ಕಾರು ಈ ಇಂಧನಕ್ಕಾಗಿ ತಯಾರಾದದ್ದಲ್ಲ. 2023ರ ಏಪ್ರಿಲಿಗೆ ಹಿಂದಿನ ಬಹಳಷ್ಟು ಕಾರುಗಳ ಪೈಪು, ಸೀಲುಗಳನ್ನು ಇದಕ್ಕೆ ತಕ್ಕಂತೆ ಮಾಡಿರಲಿಲ್ಲ. ಎಥೆನಾಲಿನಲ್ಲಿ ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟೇ ಶಕ್ತಿಯಿರುವುದರಿಂದ ಮೈಲೇಜು ಒಂದಿಷ್ಟು ಇಳಿಯುವುದೂ ಉಂಟು. ಅದಕ್ಕಿಂತ ಮುಖ್ಯ, ಅದು ತೇವ ಹೀರುತ್ತದೆ. ಕಾಫಿ ಕುಯ್ಲಿನ ಎರಡು ತಿಂಗಳು ಅರ್ಧ ಟ್ಯಾಂಕಿನಲ್ಲಿ ಕಾರು ನಿಲ್ಲಿಸಿದರೆ ಟ್ಯಾಂಕಿನ ಒಳಗೆ ನೀರು ಕೂಡಲು ಅವಕಾಶವಾಗುತ್ತದೆ. ನಿಲ್ಲಿಸುವುದಾದರೆ ಟ್ಯಾಂಕು ತುಂಬಿಸಿ ನಿಲ್ಲಿಸಿ. ವರ್ಷಕ್ಕೊಮ್ಮೆ ಇಂಧನದ ರಬ್ಬರ್ ಪೈಪುಗಳನ್ನು ಬಗ್ಗಿಸಿ ನೋಡಿಸಿ. ಬಾನೆಟ್ಟಿನ ಕೆಳಗೆ ಪೆಟ್ರೋಲ್ ವಾಸನೆ ಬಂದರೆ ಆ ದಿನ ಕಾರು ಮನೆಯಲ್ಲಿಯೇ ಇರಲಿ.

ಡೀಸೆಲ್ ಕಾರಿನವರ ತೊಂದರೆ ಬೇರೆ. ಹೊಗೆಯ ಮಸಿ ಹಿಡಿಯುವ ಶೋಧಕವಿರುವ ಕಾರನ್ನು ಬರೀ ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಓಡಿಸಿದರೆ ಮಸಿ ತುಂಬಿ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಮದ್ದೂರಿನಿಂದ ಶ್ರೀರಂಗಪಟ್ಟಣದವರೆಗೆ ಒಂದೇ ವೇಗದಲ್ಲಿ ಹೋಗಿಬಂದರೆ ಅದು ತಾನೇ ಸುಟ್ಟು ಶುದ್ಧವಾಗುತ್ತದೆ. ದೇವರ ದರ್ಶನವೂ ಆದೀತು.

ಕೊಳ್ಳುವಾಗಿನ ಎಚ್ಚರಿಕೆ ಎರಡು ಮಾತಿನಲ್ಲಿ. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಪೂರ್ವ ಭಾಗದ ಶ್ರೀಮಂತ ಬಡಾವಣೆಗಳಲ್ಲಿ ದುಬಾರಿ ಕಾರುಗಳು ನೀರಿನಲ್ಲಿ ಮುಳುಗಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಹಾಗೆ ಮುಳುಗಿದ ಕಾರು ತೊಳೆದು ಒರೆಸಿಕೊಂಡು ಮಾರಾಟಕ್ಕೆ ಬರುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಸ್ಟೆಪ್ನಿಯ ಗುಂಡಿಯಲ್ಲಿ ಕೈಯಾಡಿಸಿ. ಸೀಟಿನ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದಿದ್ದರೆ ನಮಸ್ಕಾರ ಹೇಳಿ ಬನ್ನಿ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟು ಜಾರಿ ಮಾಡಿಸಿದ ಮೇಲೆ ಅಲ್ಲಿಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಬಂದವು. ಹೊರರಾಜ್ಯದ ಕಾರಿಗೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮರುನೋಂದಣಿ ಆಗಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಆ ತೆರಿಗೆಯ ಲೆಕ್ಕ ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ ನಡೆಯುತ್ತದೆ, ನೀವು ಕೊಟ್ಟ ಬೆಲೆಯ ಮೇಲಲ್ಲ. ಮುಂಗಡ ಕೊಡುವ ಮುಂಚೆ ಆರ್.ಟಿ.ಒ. ಕಚೇರಿಯಲ್ಲಿ ಕೇಳಿಕೊಳ್ಳಿ. ನೋಂದಣಿಯ 15 ವರ್ಷ ಮುಗಿದ ಕಾರನ್ನು ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆಂಬುದೂ ನೆನಪಿರಲಿ.

ಕೊನೆಗೆ ಕಾರು ನಿಲ್ಲಿಸುವ ಜಾಗ. ಅಡಿಕೆ ಗೋಣಿ, ಕೊಬ್ಬರಿ, ಭತ್ತ ಪೇರಿಸುವ ಕೊಟ್ಟಿಗೆಯಲ್ಲಿ ಈ ಕಾರನ್ನು ನಿಲ್ಲಿಸಬೇಡಿ. ಇಲಿ ಅಲ್ಲಿಗೆ ಬರುವುದು ಕೊಬ್ಬರಿಗೆ, ಗೂಡು ಕಟ್ಟುವುದು ಬೆಚ್ಚಗಿನ ಎಂಜಿನ್ನಿನ ಮೇಲೆ, ಹಲ್ಲು ಮಸೆಯುವುದು ವೈರಿಗೆ. ಕಡಿದ ಒಂದು ವೈರನ್ನು ಹುಡುಕುವುದಕ್ಕೆ ಬೆಂಗಳೂರಿನ ಗ್ಯಾರೇಜಿನಲ್ಲಿ ಮೂರು ದಿನದ ಕೂಲಿ ಕೊಡಬೇಕಾದೀತು. ಬಾನೆಟ್ ರಾತ್ರಿ ತೆರೆದಿಟ್ಟು ಒಳಗೆ ಒಂದು ಸಣ್ಣ ದೀಪ ಉರಿಸಿದರೆ ಇಲಿ ಕೂರಲು ಹಿಂಜರಿಯುತ್ತದೆ. ಈ ಕಾರುಗಳು ನಿಂತಲ್ಲಿಯೂ ಬ್ಯಾಟರಿಯನ್ನು ಸ್ವಲ್ಪ ಸ್ವಲ್ಪ ಕುಡಿಯುವುದರಿಂದ, ಮೂರು ವಾರಕ್ಕಿಂತ ಹೆಚ್ಚು ನಿಲ್ಲುವುದಾದರೆ ಸಣ್ಣ ಚಾರ್ಜರೊಂದನ್ನು ಜೋಡಿಸಿಡಿ. ಆ ದೀಪಕ್ಕೆ ಮಾತ್ರ ಕಾರಿನ ಬ್ಯಾಟರಿಯಿಂದ ತಂತಿ ಎಳೆಯದೆ ಮನೆಯ ಕರೆಂಟನ್ನೇ ಕೊಡಿ.