ಈ ಹಳದಿ ಚುಕ್ಕೆಗಳಲ್ಲಿ ವಿಷ ಯಾರ ಬಳಿ?

ಕಾಲರಾ ಬ್ಯಾಕ್ಟೀರಿಯಾಗಳನ್ನು ಬೆಳೆಸಿದ ಸಾರನ್ನು ಒಂದೂ ಜೀವಿ ಉಳಿಯದಂತೆ ಸೋಸಿದರು. ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ಆ ತಿಳಿಯನ್ನು ಸೂಜಿಯಿಂದ ಒಳಗೆ ಬಿಟ್ಟರು. ಮರುದಿನ ನೋಡಿದರೆ ತುಂಡು ಊದಿಕೊಂಡಿದೆ, ಒಳಗೆಲ್ಲ ನೀರೋ ನೀರು! ಜೀವಿಯೇ ಇಲ್ಲ, ರೋಗ ಮಾತ್ರ ಇದೆ. ಕಲ್ಕತ್ತದ ಶಂಭುನಾಥ್ ಡೇ 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟಿಸಿದರು. ಇದೇ ಕಲ್ಕತ್ತದ ಒಂದು ಕೊಳದಲ್ಲಿ ರಾಬರ್ಟ್ ಕಾಖ್ 1884ರಲ್ಲೇ ಕಾಲರಾ ಬ್ಯಾಕ್ಟೀರಿಯಾವನ್ನು ಕಂಡಿದ್ದ. ಅದು ವಿಷ ಉಗುಳುತ್ತದೆಂದು ಊಹಿಸಿಯೂ ಇದ್ದ. ಊಹೆ ರುಜುವಾತಾಗಲು ಮುಕ್ಕಾಲು ಶತಮಾನ ಬೇಕಾಯಿತು. ಸಾಧನವೋ? ಒಂದು ಮೊಲ, ಒಂದಿಷ್ಟು ದಾರ. ಡೇ ಅವರಿಗೆ ನೊಬೆಲ್ ಸಿಗಲಿಲ್ಲ ಎಂಬುದು ನನಗೆ ಇಂದಿಗೂ ಅರಗದ ಸಂಗತಿ.

ಈಗ ಒಂದು ಕೆರೆಯ ನೀರು ತಂದು, ಇದರಲ್ಲಿ ಕಾಲರಾ ಇದೆಯೇ ಎಂದು ಕೇಳಿ ನೋಡಿ. ಒಂದು ಹನಿಯಲ್ಲಿ ಎಷ್ಟೆಲ್ಲ ಜೀವಿಗಳು! ಅವುಗಳ ನಡುವೆ ಕಾಲರಾ ಬ್ಯಾಕ್ಟೀರಿಯಾವಾದ ವಿಬ್ರಿಯೊ ಕಾಲರೆಯನ್ನು ಹೆಕ್ಕುವ ಉಪಾಯ ಮಾತ್ರ ಬಲು ಸೊಗಸು. ಅದಕ್ಕೆ ಕ್ಷಾರವೆಂದರೆ ಇಷ್ಟ. ಬಹುಪಾಲು ಬ್ಯಾಕ್ಟೀರಿಯಾಗಳು ಮುದುಡಿಕೊಳ್ಳುವ ಕ್ಷಾರೀಯ ಪೆಪ್ಟೋನ್ ನೀರಿನಲ್ಲಿ ಇದು ಆರೆಂಟು ಗಂಟೆಯೊಳಗೆ ಹುಲುಸಾಗಿ ಬೆಳೆದು ಮೇಲ್ಪದರಕ್ಕೆ ಬರುತ್ತದೆ. ಆ ಪದರವನ್ನು ತೆಗೆದು ಟಿಸಿಬಿಎಸ್ ಎಂಬ ಹಸಿರು ಅಗರ್ ತಟ್ಟೆಯ ಮೇಲೆ ಎಳೆದರೆ, ಅದು ಸಕ್ಕರೆ ತಿಂದು ಆಮ್ಲ ಬಿಡುತ್ತದೆ, ಸುತ್ತಲಿನ ಬಣ್ಣ ಬದಲಾಗುತ್ತದೆ. ಬೆಳಗಾಗುವಷ್ಟರಲ್ಲಿ ಹಸಿರಿನ ಮೇಲೆ ಹಳದಿ ಚುಕ್ಕೆಗಳು!

ಸಿಕ್ಕಿತಲ್ಲ ಅಂದುಕೊಂಡಿರಾ? ಇಲ್ಲಿಂದಲೇ ಕಥೆ ಶುರು. ಹಳದಿ ಚುಕ್ಕೆಯಾಗಿ ಬೆಳೆಯುವ ಬೇರೆ ವಿಬ್ರಿಯೊಗಳೂ ಇವೆ. ಅವನ್ನು ಬದಿಗಿಟ್ಟರೂ ವಿಬ್ರಿಯೊ ಕಾಲರೆಯಲ್ಲೇ ಇನ್ನೂರಕ್ಕೂ ಹೆಚ್ಚು ಬಗೆ. ಸಾಂಕ್ರಾಮಿಕವಾಗಿ ಹಬ್ಬಿದ್ದು ಓ1 ಮತ್ತು 1992ರಲ್ಲಿ ಮದ್ರಾಸಿನಲ್ಲಿ ದಿಢೀರನೆ ಕಾಣಿಸಿಕೊಂಡ ಓ139, ಎರಡೇ. ಉಳಿದವುಗಳಲ್ಲಿ ಬಹುಪಾಲು ನೀರಿನಲ್ಲಿ ತಮ್ಮ ಪಾಡಿಗೆ ತಾವಿರುವ ಬಡಪಾಯಿಗಳು. ತಟ್ಟೆಯ ಮೇಲೆ ಎಲ್ಲರದ್ದೂ ಒಂದೇ ಮುಖ. ಹಾಗಾಗಿ ಹುಡುಕಬೇಕಾದ್ದು ಜೀವಿಯನ್ನಲ್ಲ, ಅದರ ವಿಷವನ್ನು.

ವಿಷವನ್ನು ಹಿಡಿಯಲು ಬೀಸುವ ಬಲೆ ನಮ್ಮದೇ ಕರುಳಿನದು! ಕರುಳಿನ ಕೋಶಗಳ ಮೈಮೇಲೆ ಜಿಎಂ1 ಎಂಬ ಕೊಬ್ಬಿನ ಅಣುವಿದೆ; ಕಾಲರಾ ವಿಷ ಬಂದು ಕಚ್ಚಿಕೊಳ್ಳುವುದು ಅದಕ್ಕೇ. ಆ ಅಣುವನ್ನೇ ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಿಗೆ ಲೇಪಿಸಿ, ಅನುಮಾನದ ಸಾರನ್ನು ಸುರಿದು ತೊಳೆದುಬಿಡುತ್ತಾರೆ. ವಿಷವಿದ್ದರೆ ತೊಳೆದರೂ ಬಿಡದು. ಮೇಲೆ ಪ್ರತಿಕಾಯ ಹಾಕಿದರೆ ಬಣ್ಣ ಏರುತ್ತದೆ. ಇನ್ನೊಂದು ವಿಧಾನದಲ್ಲಿ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ಬೆಳೆಸಿದ ಕೋಶಗಳಿಗೆ ಇದೇ ಸಾರನ್ನು ಕುಡಿಸಿದರೆ, ವಿಷ ತಾಗಿದವು ಉದ್ದುದ್ದ ಎಳೆದುಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ವಿಷಕ್ಕೆ ಆಕಾರ ಬಂದಂತೆ!

ಜೀನನ್ನು ನಕಲು ಮಾಡುವ ಪಿಸಿಆರ್ ತಂತ್ರ ಬಂದ ಮೇಲಂತೂ ವಿಷ ತಯಾರಾಗುವವರೆಗೆ ಕಾಯಬೇಕಿಲ್ಲ. ವಿಷದ ಪಾಕಸೂತ್ರವಾದ ಸಿಟಿಎಕ್ಸ್‌ಎ ಜೀನನ್ನೇ ಹುಡುಕಿ ದುಪ್ಪಟ್ಟು ಮಾಡುತ್ತ ಹೋಗುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಲೆಕ್ಕದ ಪ್ರಕಾರ 30 ಸುತ್ತಿಗೆ ನೂರು ಕೋಟಿಗೂ ಮಿಕ್ಕಿ ಪ್ರತಿಗಳು. ಆದರೆ ಜೀನ್ ಇದ್ದ ಮಾತ್ರಕ್ಕೆ ವಿಷ ಕಾರುತ್ತಿದೆ ಎಂದೇನಲ್ಲ. ಹಳೆಯ ಪರೀಕ್ಷೆಗಳನ್ನು ಬೀರುವಿಗೆ ಸೇರಿಸುವ ಹಾಗಿಲ್ಲ.

ಇದಕ್ಕಿಂತಲೂ ಮೈ ಜುಂ ಎನ್ನಿಸುವುದು ಮುಂದಿದೆ. ಅಮೆರಿಕದ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದಂತೆ, ಪರಿಸ್ಥಿತಿ ಕೆಟ್ಟಾಗ ಈ ಬ್ಯಾಕ್ಟೀರಿಯಾ ಕುಗ್ಗಿ ಗುಂಡಗಾಗುತ್ತದೆ. ಬದುಕಿಯೇ ಇರುತ್ತದೆ, ಎಷ್ಟು ಅಗರ್ ಬಡಿಸಿದರೂ ಬೆಳೆಯುವುದಿಲ್ಲ! ತಟ್ಟೆ ಖಾಲಿ, ನೀರು ಖಾಲಿಯಲ್ಲ. ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ ಹಾಕಿದಾಗ ಮಾತ್ರ ನೀರಿನ ಕೋಪೆಪಾಡ್‌ಗಳೆಂಬ ಕಿರುಜೀವಿಗಳ ಮೈತುಂಬ ಈ ಬ್ಯಾಕ್ಟೀರಿಯಾಗಳು ಹಸಿರು ಬೆಳಕಾಗಿ ಮಿನುಗುತ್ತವೆ. ಬಾಂಗ್ಲಾದೇಶದ ಮತ್ಲಬ್‌ನ ಹೆಂಗಸರಿಗೆ ಹಳೆಯ ಹತ್ತಿ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಲು ಕಲಿಸಿದಾಗ ಕಾಲರಾ ಹತ್ತಿರಹತ್ತಿರ ಅರ್ಧಕ್ಕೆ ಇಳಿದ ಗುಟ್ಟೂ ಇದೇ: ಸೀರೆ ತಡೆದದ್ದು ಬ್ಯಾಕ್ಟೀರಿಯಾವನ್ನಲ್ಲ, ಅದು ಕೂತ ವಾಹನವನ್ನು.

ಅಷ್ಟಕ್ಕೂ ಈ ವಿಷದ ಜೀನ್ ಮೂಲತಃ ಬ್ಯಾಕ್ಟೀರಿಯಾದ್ದೇ ಅಲ್ಲ! 1996ರಲ್ಲಿ ಹಾರ್ವರ್ಡ್‌ನ ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲಾನೋಸ್ ಕಂಡುಹಿಡಿದಂತೆ, ಅದನ್ನು ಹೊತ್ತು ತರುವುದು ಒಂದು ವೈರಸ್. ಬ್ಯಾಕ್ಟೀರಿಯಾದ ಮೈಮೇಲಿನ ಟಿಸಿಪಿ ಎಂಬ ಕೂದಲಿನಂಥ ಎಳೆ ಹಿಡಿದು ಅದು ಒಳನುಗ್ಗುತ್ತದೆ. ಅದೇ ಎಳೆಯ ನೆರವಿನಿಂದಲೇ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ನೆಲೆಯೂರುವುದು. ಅದಕ್ಕೇ ಕೆರೆ ನೀರಿನಿಂದ ಬಂದ ವಿಬ್ರಿಯೊದಲ್ಲಿ ಪ್ರಯೋಗಾಲಯಗಳು ವಿಷದ ಜೀನಿನ ಜೊತೆಗೆ ಆ ಎಳೆಯ ಜೀನ್ ಟಿಸಿಪಿಎಯನ್ನೂ ಹುಡುಕುತ್ತವೆ. ಸಿಟಿಎಕ್ಸ್‌ಎ ಇಲ್ಲದೆ ಟಿಸಿಪಿಎ ಮಾತ್ರ ಸಿಕ್ಕಿದರೆ, ಇವತ್ತು ನಿರಪಾಯಿಯಾದ ಆ ಚುಕ್ಕೆ ವೈರಸ್‌ಗೆ ಬಾಗಿಲು ತೆರೆದಿಟ್ಟುಕೊಂಡಿದೆ ಎಂದೇ ಲೆಕ್ಕ.